ಲಂಡನ್ ಮನೆಗಾಗಿ ಒಂದು ಬಂಗಡೆ ಪರೀಕ್ಷೆ

ಕಳೆದ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಂಕೋಲೆಯ ನಮ್ಮ ಮನೆಯ ಸುತ್ತ ಒಂಬತ್ತು ಜನ ನಿಂತು ಗೋಡೆ ಮೂಸುತ್ತಿದ್ದರು.

ಒಬ್ಬರು ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿದ್ದರು. ಇನ್ನೊಬ್ಬರು ಹಿತ್ತಿಲ ಬಾಗಿಲಿನ ಸಂದಿಗೆ ಬಗ್ಗಿದ್ದರು. ಎದುರು ಮನೆಯ ನಿವೃತ್ತ ಮಾಸ್ತರರಿಗೆ ಸೊಂಟನೋವು, ಬಗ್ಗಲಾಗದು. ಅವರು ಬಾವಿಕಟ್ಟೆಯ ಮೇಲೆ ಕುಳಿತೇ ಗಾಳಿ ಎಳೆದುಕೊಳ್ಳುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಆಟೋದವನು ಗಾಡಿ ನಿಲ್ಲಿಸಿ, "ಗ್ಯಾಸ್ ಲೀಕಾ?" ಎಂದು ಕೇಳಿದ. "ಅಲ್ದೋ, ಅಕ್ಕೋರು ಲಂಡನ್ನಿಗೆ ಹೋಗ್ತ್ರು" ಎಂದು ಯಾರೋ ಉತ್ತರ ಕೊಟ್ಟರು. ಅವನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಹೋದ.

ನಿಮಗೆ ಅರ್ಥವಾಗಲಿಲ್ಲ ತಾನೆ? ಹೇಳುತ್ತೇನೆ.

ನಾನು ಲಂಡನ್ನಿಗೆ ಹೊರಟಿರುವುದು ನಿಮಗೆ ಗೊತ್ತು. (ಎರಡು ತಿಂಗಳಿಂದ ಈ ಅಂಕಣದಲ್ಲಿ ಬೇರೆ ಸುದ್ದಿಯೇ ಇಲ್ಲ ಎಂದು ಕುಮಟೆಯ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ಸ್ವಾಮಿ, ನಮ್ಮ ಮನೆಯಲ್ಲೂ ಇಲ್ಲ.) ಕಾರವಾರದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಗಣಿತ ಕಲಿಸಿದವಳಿಗೆ ಅಲ್ಲಿನ ಶಾಲೆಯೊಂದು ಮೂರು ವರ್ಷದ ಕೆಲಸ ಕೊಟ್ಟಿದೆ. ಅಲ್ಲಿ ಗಣಿತದ ಟೀಚರುಗಳಿಗೆ ಬರವಂತೆ. ನಮ್ಮಲ್ಲಿ ಗಣಿತ ಅಂದರೆ ಮಕ್ಕಳು ಓಡುತ್ತಾರೆ, ಅಲ್ಲಿ ಟೀಚರುಗಳೇ ಓಡಿರಬೇಕು.

ಹೊರಡುವುದು ಆಗಸ್ಟಿನಲ್ಲಿ. ಈಗ ಇನ್ನೂ ಮೇ. ಆದರೆ ನನ್ನ ತಲೆ ಆಗಲೇ ನೆಲ ಬಿಟ್ಟಿದೆ. ಸೂಟ್‌ಕೇಸನ್ನು ಮೂರು ಸಲ ತುಂಬಿ ಮೂರು ಸಲ ಖಾಲಿ ಮಾಡಿದ್ದೇನೆ. ಈ ಸೆಖೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಬೆವೆತಿದ್ದೇನೆ. ವೀಸಾಕ್ಕೆ ಬೇಕಾದ ಪೊಲೀಸ್ ಕಾಗದಕ್ಕೆಂದು ಕಾರವಾರಕ್ಕೆ ಹೋಗುವಾಗ, ಬಿಣಗಾ ಹತ್ತಿರ ಸಮುದ್ರ ಕಂಡದ್ದೇ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಕಂಡಕ್ಟರ್ ಟಿಕೆಟ್ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ನಲವತ್ತೆರಡನೇ ವಯಸ್ಸಿನಲ್ಲಿ ಇಷ್ಟು ಹುಚ್ಚು ಖುಷಿ ಒಳ್ಳೆಯದೇ? ಗೊತ್ತಿಲ್ಲ. ಬಂದಿದೆ, ಅನುಭವಿಸುತ್ತಿದ್ದೇನೆ.

ಶುಕ್ರವಾರ ಈ ಖುಷಿಯ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿತು. ನಿಜವಾಗಿಯೂ ಮೀನಿನದೇ.

ನನ್ನ ಹಳೆಯ ಸಹೋದ್ಯೋಗಿ ವಿಜಯಾ ಎರಡು ವರ್ಷ ಮೊದಲೇ ಲಂಡನ್ನಿಗೆ ಹೋದವಳು. ಶಾಲೆಗೆ ನಡೆದೇ ಹೋಗಬಹುದಾದ ಕಡೆ ನಮಗೊಂದು ಸಣ್ಣ ಫ್ಲ್ಯಾಟ್ ನೋಡಿಟ್ಟಿದ್ದಳು. ಬಾಡಿಗೆ ಕರಾರು ಇಮೇಲಿನಲ್ಲಿ ಬಂತು. ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ ಅಲ್ಲೇ ನಿಂತು ಓದಿದೆ. ಗೋಡೆಗೆ ಮೊಳೆ ಹೊಡೆಯಬಾರದು, ಸರಿ. ನಾಯಿ ಸಾಕಬಾರದು, ಸರಿ. ಹನ್ನೊಂದನೇ ಷರತ್ತಿಗೆ ಬಂದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಕಟು ವಾಸನೆಯ ಅಡುಗೆಯನ್ನು, ವಿಶೇಷವಾಗಿ ಮೀನು ಹುರಿಯುವುದನ್ನು, ಅಕ್ಕಪಕ್ಕದವರಿಗೆ ತೊಂದರೆಯಾಗುವಂತೆ ಮಾಡತಕ್ಕದ್ದಲ್ಲ.

ಕೆಳಗೆ ವಿಜಯಾ ಬರೆದಿದ್ದಳು. ಹಿಂದಿನ ಬಾಡಿಗೆದಾರರನ್ನು ಬಿಡಿಸಿದ್ದು ಇದೇ ಕಾರಣಕ್ಕೆ. ಮನೆಯೊಡತಿಗೆ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ, ಯೋಚಿಸಿ ಸಹಿ ಹಾಕು. ಗುರುವಾರದೊಳಗೆ ಬರದಿದ್ದರೆ ಮನೆ ಬೇರೆಯವರಿಗೆ ಹೋಗುತ್ತದೆ.

ಮನೆ ಹೋದರೆ ಏನಾಗುತ್ತದೆ? ನಾನೊಬ್ಬಳೇ ಹೋಗಿ ಯಾರದೋ ಜೊತೆ ಒಂದು ರೂಮಿನಲ್ಲಿರಬೇಕು. ಗಂಡ ಗಜಾನನ, ಎಂಟು ವರ್ಷದ ಮಗಳು ಅಪೂರ್ವಾ ಇಲ್ಲೇ ಉಳಿಯಬೇಕು. ಬೇರೆ ಮನೆ ಸಿಗುವವರೆಗೆ. ಅದು ಯಾವಾಗ ಅಂತ ಯಾರಿಗೆ ಗೊತ್ತು? ಮಗಳನ್ನು ಬಿಟ್ಟು ಹೋಗುವ ಲಂಡನ್ ನನಗೆ ಬೇಡವೇ ಬೇಡ.

"ಸಹಿ ಹಾಕಿ ಕಳ್ಸೇ ಮಾರಾಯ್ತಿ" ಎಂದರು ಗಜಾನನ. "ಅಲ್ಲಿಗೆ ಹೋದ್ಮೇಲೆ ನೋಡ್ಕಂಬಾ."

"ಮಾಡುದಿಲ್ಲ ಅಂತ ಬರ್ದು, ಹೋಗಿ ಅದನ್ನೇ ಮಾಡೂದಾ? ವಿಜಯಾ ಮಾತು ಕೊಟ್ಟಾಳೆ."

"ಹಂಗಾರೆ ಮೀನೇ ಬಿಟ್ಬಿಡ್ವಾ."

ಇದನ್ನು ಅವರು ಹೇಳಿದ್ದು ಶುಕ್ರವಾರ ಸಂಜೆ, ಬಹಳ ಗಂಭೀರವಾಗಿ. ಶನಿವಾರ ಬೆಳಿಗ್ಗೆ ಮೀನು ಮಾರುವ ಮಾದೇವಿ, ಮಂಜಗುಣಿಯಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬರುವವಳು, ಗೇಟಿನಲ್ಲಿ ನಿಂತು ಒಂದು ಕೂಗು ಹಾಕಿದಳು. ನಾನು ಏಳುವಷ್ಟರಲ್ಲಿ ಗಜಾನನ ಪಾತ್ರೆ ಹಿಡಿದು ಅಂಗಳದಲ್ಲಿದ್ದರು.

ಆದರೆ ಪರೀಕ್ಷೆಯ ಐಡಿಯಾ ಅವರದೇ. ತಾಲೂಕು ಕಚೇರಿಯಲ್ಲಿ ಸರ್ವೇಯರ್, ಅಳೆಯದೆ ಏನನ್ನೂ ನಂಬುವವರಲ್ಲ. ಲಂಡನ್ನಿನಲ್ಲಿ ಚಳಿಗೆ ಕಿಟಕಿ ಮುಚ್ಚಿಯೇ ಇರುತ್ತದಂತೆ. ಹಾಗಾದರೆ ಇಲ್ಲೂ ಎಲ್ಲ ಮುಚ್ಚಿ ಬಂಗಡೆ ಹುರಿಯುವುದು. ಹೊರಗೆ ಜನ ನಿಲ್ಲಿಸಿ ಮೂಸಿಸುವುದು. ವಾಸನೆ ಬರದಿದ್ದರೆ ಧೈರ್ಯವಾಗಿ ಸಹಿ.

ಸುದ್ದಿ ತಿಳಿದು ಇಡೀ ಓಣಿ ಬಂತು. ಮಾದೇವಿ ಖಾಲಿ ಬುಟ್ಟಿ ಸಮೇತ ಬಂದಳು. ಬಾರದವರು ಒಬ್ಬರೇ, ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ ಶಾಂತಕ್ಕ. ಗದಗಿನ ಕಡೆಯವರು, ಗಂಡ ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ಬಂದು ಮೂರು ವರ್ಷ. ಬಹಳ ದೈವಭಕ್ತೆ. ಸಂಜೆ ಏಳೂವರೆಗೆ, ಭಾನುವಾರವಾದರೆ ಮಧ್ಯಾಹ್ನ ಹನ್ನೆರಡೂವರೆಗೂ, ಅವರ ಅಡುಗೆಮನೆಯ ಕಿಟಕಿಯಿಂದ ಊದಿನಕಡ್ಡಿಯ ಪರಿಮಳ ಬಂತೆಂದರೆ ಬಂತು. (ಸೋಮವಾರ ಮಾತ್ರ ಇಲ್ಲ. ಅವರ ಕಡೆಯ ಪದ್ಧತಿ ಇರಬೇಕು.) ದೇವರ ದೀಪ ಹಚ್ಚಲು ಮರೆಯುವ ಗಜಾನನರಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ, ಶಾಂತಕ್ಕನನ್ನು ನೋಡಿ ಕಲಿಯಿರಿ ಅಂತ. ಪೂಜೆಯ ಹೊತ್ತಿನಲ್ಲಿ ಅವರನ್ನು ಮೀನು ಮೂಸಲು ಕರೆಯುವುದುಂಟೇ?

ಒಳಗೆ ನಾವು ಮೂವರು. ಬಾಗಿಲ ಸಂದಿಗೆ ಒದ್ದೆ ಟವೆಲ್. ಎಂಟು ಬಂಗಡೆ, ಕೆಂಪು ಮೆಣಸಿನ ಮಸಾಲೆ, ಮೇಲೆ ರವೆ. ಮೊದಲ ನಾಲ್ಕು ಚೆನ್ನಾಗಿಯೇ ಹುರಿದವು. ಅಷ್ಟರಲ್ಲಿ ಹೊಗೆ ತುಂಬಿ, ಮೆಣಸಿನ ಘಾಟಿಗೆ ಮೂವರ ಕಣ್ಣಲ್ಲೂ ಮೂಗಲ್ಲೂ ನೀರು. ಕಾವಲಿ ಎಲ್ಲಿದೆ ಎಂದೇ ಕಾಣದೆ ಎರಡನೇ ಸಲ ಹಾಕಿದವು ಒಂದು ಬದಿ ಸೀದವು. "ಆಯಿ, ಲಂಡನ್ನಲ್ಲಿ ದಿನಾ ಹಿಂಗೇಯಾ?" ಎಂದು ಅಪೂರ್ವಾ ಕೆಮ್ಮುತ್ತ ಕೇಳಿದಳು.

ಬಾಗಿಲು ತೆಗೆದು ಹೊರಬಿದ್ದೆವು. "ಏನಾಯ್ತು? ವಾಸ್ನೆ ಬಂತಾ?"

"ಇಲ್ಲ" ಎಂದರು ಒಬ್ಬರು. "ಎಂತದೂ ಇಲ್ಲ" ಎಂದರು ಇನ್ನೊಬ್ಬರು. ಮಾಸ್ತರರು ಬಾವಿಕಟ್ಟೆಯಿಂದಲೇ, "ವಾಸ್ನೆ ಇಲ್ಲ. ಆದ್ರೆ ಯಾಕೋ ಹಸಿವಾಗ್ತಾ ಉಂಟು" ಎಂದರು.

ನನಗೆ ಕುಣಿಯುವ ಹಾಗಾಯಿತು. ಒಂಬತ್ತಕ್ಕೆ ಒಂಬತ್ತು! ಪೆನ್ನು ತರಲು ಒಳಗೆ ಓಡಿದವಳನ್ನು ಮಾದೇವಿ ಕರೆದು ನಿಲ್ಲಿಸಿದಳು.

"ಅಕ್ಕೋರೆ, ನನ್ನ ಮಾತು ಹಿಡೂದು ಬೇಡ. ಬಂಗಡೆ ಹುರದ್ರೆ ಬಂಗಡೆ ಬತ್ತದೆ. ಅದು ನಮ್ಗೆ ವಾಸ್ನೆ ಅಂತ ಗೊತ್ತಾಗೂದೇ ಇಲ್ಲ. ಇಲ್ಲಿ ಬಂದೋರು ಎಲ್ಲಾ ನನ್ನ ಬುಟ್ಟಿ ಗಿರಾಕಿಗಳೇಯಾ. ಮೀನು ತಿನ್ದೇ ಇದ್ದೋರ್ನ ಕೇಳಿ. ಆ ಬ್ಯಾಂಕಿನ ಅಮ್ಮನ್ನ ಕೇಳ್ದ್ರಾ?"

ಹದಿನಾರು ವರ್ಷ ಗಣಿತ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ. ಮೀನು ತಿನ್ನುವ ಒಂಬತ್ತು ಮೂಗುಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದ್ದೆ.

ಪೂಜೆ ಮುಗಿದಿರಬಹುದೆಂದು ಸ್ವಲ್ಪ ಹೊತ್ತು ಬಿಟ್ಟು ಶಾಂತಕ್ಕನ ಬಾಗಿಲು ತಟ್ಟಿದೆ. ಕರಾರಿನ ಕತೆಯನ್ನೆಲ್ಲ ಹೇಳಿ ಕೇಳಿದೆ, "ನಿಜ ಹೇಳಿ ಶಾಂತಕ್ಕ. ನಿಮ್ಗೆ ಏನಾದ್ರೂ ವಾಸ್ನೆ ಬಂತಾ?"

ಶಾಂತಕ್ಕ ಸೆರಗು ಸರಿಮಾಡಿಕೊಂಡರು. ನನ್ನ ಮುಖ ನೋಡಿದರು, ನೆಲ ನೋಡಿದರು.

"ಹೇಳಲೋ ಬ್ಯಾಡೋ ಅಕ್ಕಾರ?"

"ಹೇಳಿ."

"ಇವತ್ತ ಬಂಗಡಿ. ಮೊದಲನೇ ಸರ್ತಿ ಹಾಕಿದ್ದು ಚಲೋ ಬಂತು. ಎರಡನೇ ಸರ್ತಿ ಸ್ವಲ್ಪ ಸೀದೈತಿ."

ಈಕೆ ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವರಲ್ಲ. ಮೀನು ತಿಂದೇ ಬೆಳೆದ ಒಂಬತ್ತು ಜನಕ್ಕೆ ತಿಳಿಯದ್ದು ಗೋಡೆಯ ಆಚೆಯಿಂದ ಈಕೆಗೆ ತಿಳಿದಿದೆ.

"ನಿಮ್ಗೆ ಹೆಂಗೆ ಗೊತ್ತಾಯ್ತು?"

"ಮೂರು ವರ್ಷ ಆತಲ್ಲರಿ. ಬಂಗಡಿ ಆದ್ರ ಎರಡ ಊದಿನಕಡ್ಡಿ ಸಾಕು. ಒಣ ಸಿಗಡಿ ಆದ್ರ ನಾಕು ಹಚ್ಚಬೇಕು."

ಆಗ ಒಂದೊಂದಾಗಿ ತಲೆಗೆ ಹೊಕ್ಕಿತು. ಸಂಜೆ ಏಳೂವರೆ ಅಂದರೆ ನಾನು ಶಾಲೆಯಿಂದ ಬಂದು ಒಲೆ ಹಚ್ಚುವ ಹೊತ್ತು. ಭಾನುವಾರ ಮಧ್ಯಾಹ್ನ ಹನ್ನೆರಡೂವರೆ, ನಮ್ಮ ಮೀನೂಟದ ಹೊತ್ತು. ಸೋಮವಾರ ಊದಿನಕಡ್ಡಿ ಇಲ್ಲ, ಏಕೆಂದರೆ ಸೋಮವಾರ ನಾವು ಮೀನು ತಿನ್ನುವುದಿಲ್ಲ. ನಾವು ಮೀನು ಬಿಡುವ ಶ್ರಾವಣದಲ್ಲಿ ಇಡೀ ತಿಂಗಳು ಅವರ ಮನೆಯಿಂದ ಒಂದು ಎಳೆ ಪರಿಮಳವೂ ಬಂದಿರಲಿಲ್ಲ. ಶಿವನನ್ನು ಪೂಜಿಸುವ ಮನೆತನದವರು ಸೋಮವಾರವೇ, ಶ್ರಾವಣದಲ್ಲೇ ಪೂಜೆ ಬಿಡುತ್ತಾರೆಯೇ? ಇಷ್ಟು ಸುಲಭದ ಲೆಕ್ಕ ಮೂರು ವರ್ಷ ಮೂಗಿನ ಕೆಳಗೇ ಇತ್ತು. ನಾನು ಅದಕ್ಕೆ ಭಕ್ತಿ ಎಂದು ಉತ್ತರ ಬರೆದು ನೂರಕ್ಕೆ ನೂರು ಕೊಟ್ಟುಕೊಂಡಿದ್ದೆ.

ನನಗೆ ತುಂಬಾ ನಾಚಿಕೆಯಾಯಿತು. "ಒಂದಿನನಾದ್ರೂ ಹೇಳ್ಬಾರ್ದಿತ್ತಾ ಶಾಂತಕ್ಕ?"

"ಹೆಂಗ ಹೇಳಲಿ? ನಾವು ಬಂದ ಮೊದಲನೇ ವಾರನ ಮಗಳಿಗೆ ಜ್ವರ ಬಂದು ಕಣ್ಣು ಮ್ಯಾಲ ಮಾಡಿತ್ತು. ಇವರು ಊರಾಗ ಇರಲಿಲ್ಲ. ನೀವ ಎತ್ತಿಕೊಂಡು ದವಾಖಾನಿಗೆ ಓಡಿದ್ರಿ. ಆಮ್ಯಾಲ ನಿಮ್ಮ ಅಡಗಿ ವಾಸನಿ ಆಗಿಬರೂದಿಲ್ಲ ಅಂತ ಯಾವ ಬಾಯಿಲೆ ಹೇಳೂದು?" ಎಂದು ಶಾಂತಕ್ಕ ನಕ್ಕರು. "ಇಲ್ಲಿಗೆ ವರ್ಗ ಆದಾಗ ನಮ್ಮವ್ವ ಮೊದಲು ಕಟ್ಟಿಕೊಟ್ಟಿದ್ದು ಊದಿನಕಡ್ಡಿನ. ಮೀನಿನ ಊರಿಗೆ ಹೊಂಟಿ, ಇರಲಿ ಅಂತ."

ಅವರ ಮನೆಯಲ್ಲಿ ಅಂಕೋಲೆಗೆ ಇಷ್ಟೊಂದು ತಯಾರಿ ನಡೆದಿತ್ತು. ನಾನು ಲಂಡನ್ನಿಗೆ ಕೋಟು ಅಳೆಯುತ್ತಿದ್ದೇನೆ.

"ಹಂಗಾರೆ ನಾನು ಸಹಿ ಹಾಕುವ ಹಾಗಿಲ್ಲ" ಎಂದೆ. ಮಗಳನ್ನು ಬಿಟ್ಟು ಒಬ್ಬಳೇ ವಿಮಾನ ಹತ್ತುವ ಚಿತ್ರ ಕಣ್ಣ ಮುಂದೆ ಬಂದಿತ್ತು.

"ಯಾಕಿಲ್ಲ?" ಎಂದರು ಶಾಂತಕ್ಕ. "ಹುರಿಯೂದು ಬಿಡ್ರಿ. ಸಾರು ಮಾಡ್ರಿ. ಸಾರಿನ ದಿನ ನನಗ ಒಂದ ಊದಿನಕಡ್ಡಿ ಸಾಕು. ಮ್ಯಾಲ ತಾಟು ಮುಚ್ಚಿರ್ರಿ. ಬಾಜೂ ಒಲಿಮ್ಯಾಗ ನಿಂಬಿ ಸಿಪ್ಪಿ, ಚಕ್ಕಿ ಹಾಕಿ ನೀರು ಕುದಿಸಿರ್ರಿ. ಪಾತ್ರಿ ಹಾಂಗ ಇಡಬ್ಯಾಡ್ರಿ, ಉಂಡ ಕೂಡಲೇ ತೊಳೀರಿ. ನೀವು ರಾತ್ರಿ ನೆನಿ ಹಾಕಿದ ದಿನ ಮರುದಿನಾನೂ ಬರತೈತಿ."

ಮೀನಿನ ಅಡುಗೆಯ ಬಗ್ಗೆ ಇಷ್ಟು ತಿಳಿದವರನ್ನು ನಾನು ನಮ್ಮ ಕುಲದಲ್ಲೇ ನೋಡಿಲ್ಲ.

ಮಂಗಳವಾರ ಮರುಪರೀಕ್ಷೆ. ಈ ಸಲ ಓಣಿಯ ಜನಕ್ಕೆ ಪ್ರವೇಶವಿಲ್ಲ. (ಮಾಸ್ತರರು ಬೇಸರಪಟ್ಟರು. ಸಾರು ಕಳಿಸಿ ಸಮಾಧಾನ ಮಾಡಿದೆ.) ಮೂಗು ಒಂದೇ, ಶಾಂತಕ್ಕನದು. ಅವರು ತಮ್ಮ ಅಡುಗೆಮನೆಯಲ್ಲಿ ಕಿಟಕಿ ತೆಗೆದು, ಊದಿನಕಡ್ಡಿ ಹಚ್ಚದೆ ಕುಳಿತರು. ನಾನು ಇತ್ತ ತಾಟು ಮುಚ್ಚಿ ಬಂಗಡೆ ಸಾರು ಕುದಿಸಿದೆ, ಪಕ್ಕದಲ್ಲಿ ನಿಂಬೆ ಸಿಪ್ಪೆ, ಚಕ್ಕೆ. ಅಪೂರ್ವಾ ಎರಡು ಮನೆಗಳ ನಡುವೆ ಓಡಾಡಿ ಸುದ್ದಿ ತಂದಳು. ಹದಿನಾರು ವರ್ಷ ಮಕ್ಕಳಿಗೆ ಉತ್ತರಪತ್ರಿಕೆ ಹಂಚಿದವಳು ಸೌಟು ಹಿಡಿದು ಫಲಿತಾಂಶಕ್ಕೆ ಕಾದೆ.

"ಅರವತ್ತೆರಡು" ಎಂದು ಗೋಡೆಯ ಆಚೆಯಿಂದ ಶಾಂತಕ್ಕನ ದನಿ ಬಂತು. "ಪಾಸ್."

ಗಜಾನನ ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ಕುಣಿದರು. ನಾನೂ ಕುಣಿದೆ. ಸುಳ್ಳು ಯಾಕೆ ಹೇಳಲಿ, ಕೈಯಲ್ಲಿ ಸೌಟು ಹಾಗೇ ಇತ್ತು.

ಆ ಸಂಜೆಯೇ ಸೈಬರ್ ಕೆಫೆಗೆ ಹೋಗಿ ಸಹಿ ಹಾಕಿದ ಕರಾರು ಸ್ಕ್ಯಾನ್ ಮಾಡಿಸಿ ಕಳಿಸಿದೆ. ಜೊತೆಗೆ ಒಂದು ಸಣ್ಣ ಪತ್ರ. ನಾವು ಮೀನು ತಿನ್ನುವವರು, ಹುರಿಯುವುದಿಲ್ಲ, ಮುಚ್ಚಿ ಬೇಯಿಸುತ್ತೇವೆ, ಆದರೂ ವಾಸನೆ ಬಂದರೆ ದಯವಿಟ್ಟು ಬಾಗಿಲು ತಟ್ಟಿ ಹೇಳಿ ಅಂತ. ಗುರುವಾರ ವಿಜಯಾಳ ಉತ್ತರ ಬಂತು. ಮನೆ ನಮ್ಮದೇ. ಮೂವರೂ ಒಟ್ಟಿಗೇ ಹೊರಡುತ್ತಿದ್ದೇವೆ. ಮಾದೇವಿಗೆ ಹೇಳಿದರೆ, "ಅಲ್ಲಿ ಮೀನಿನೋರು ಮನೆ ಬಾಗ್ಲಿಗೆ ಬತ್ರಾ?" ಎಂದು ಕೇಳಿ, ಬರುವುದಿಲ್ಲ ಎಂದದ್ದಕ್ಕೆ, "ಮತ್ತೆಂತಾ ದೊಡ್ಡೂರು ಅದು" ಎಂದು ಬುಟ್ಟಿ ತಲೆಗೇರಿಸಿದಳು.

ಸೂಟ್‌ಕೇಸನ್ನು ನಾಲ್ಕನೇ ಸಲ ತುಂಬಿದ್ದೇನೆ. ಎಲ್ಲಕ್ಕಿಂತ ಮೇಲೆ ಶಾಂತಕ್ಕ ಕೊಟ್ಟ ಒಂದು ಕಟ್ಟು ಊದಿನಕಡ್ಡಿ ಇದೆ. ಅಲ್ಲಿ ನಮ್ಮ ಗೋಡೆಯ ಆಚೆ ಯಾರು ಏನು ಬೇಯಿಸುತ್ತಾರೋ, ನಮಗೇ ಬೇಕಾಗಬಹುದು ಎಂದರು. ಇನ್ನು ಆಗಸ್ಟಿನವರೆಗೆ ನಮ್ಮ ಮನೆಯಲ್ಲಿ ಒಣ ಸಿಗಡಿ ಬಂದ್. ಗಜಾನನ ಒಪ್ಪಿದ್ದಾರೆ, ಗೊಣಗುತ್ತ.

ಲಂಡನ್ನಿನ ಮನೆಯೊಡತಿ ಒಂದು ಸಾಲು ಬರೆದು ನನ್ನಿಂದ ಸಹಿ ತೆಗೆದುಕೊಂಡಳು. ಶಾಂತಕ್ಕ ಮೂರು ವರ್ಷ ಏನನ್ನೂ ಬರೆಯಲಿಲ್ಲ, ಏನನ್ನೂ ಕೇಳಲಿಲ್ಲ, ಕಡ್ಡಿ ಗೀರಿದರು ಅಷ್ಟೇ.

ಅಂದಹಾಗೆ, ನಿಮ್ಮ ಪಕ್ಕದ ಮನೆಯವರೂ ಬಹಳ ದೈವಭಕ್ತರೇ?