ಹಳೇ ಲಂಗದ ಒಂದು ತುಂಡು

ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟ ಟೈಲರಮ್ಮ ಯಾರ ಮುಂದೆಯೂ ಕೂತು ಕಲಿತವಳಲ್ಲ. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಅಂತ ನೋಡಿ ನೋಡಿಯೇ ಕಸುಬು ಹಿಡಿದವಳು. "ಬಿಚ್ಚೋಕೆ ಮಂಗನಿಗೂ ಬರುತ್ತೆ, ಜೋಡಿಸೋಕೆ ಮನುಷ್ಯನೇ ಬೇಕು" ಅನ್ನುವುದು ಅವಳ ಮಾತು.

ಅವತ್ತು ಬಿಚ್ಚಿಕೊಂಡು ಕೂತಿದ್ದವನು ಅವಳ ಅಳಿಯ. ಅವನ ಬಾಡಿಗೆ ಕಾರೇ ಆ ಮನೆಗೆ ದುಡಿಯುವ ಎತ್ತು. ಈಚೆಗೆ ಅದು ಏರು ಹತ್ತುವಾಗ ಗೂರಲು ಹಿಡಿದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೆ ಗಾಳಿ ಬಿಡುವ ವಾಲ್ವುಗಳ ಮೇಲೆ ಮಸಿ ಕಚ್ಚಿದೆ ಅಂತ ಗೊತ್ತಾಗಿ, ಮನೆ ಮುಂದೆಯೇ ಗಾಳಿಕೊಳವೆ ಕಳಚಿದ್ದ. ಅದರ ಹಿಂದೆ ವಾಲ್ವುಗಳಿಗೆ ಹೋಗುವ ತೂತುಗಳು ಸಾಲಾಗಿ ಬಾಯಿ ತೆರೆದಿದ್ದವು. ಒಂದು ತೂತಿಗೆ ಕ್ಲೀನರ್ ಸುರಿದು, ನೆನೆಸಿ, ಬ್ರಷ್ಷಿನಿಂದ ಉಜ್ಜುವಾಗ ಕೊಳೆ ಪಕ್ಕದ ತೂತುಗಳಿಗೆ ಬೀಳದಿರಲಿ ಅಂತ ಅವಕ್ಕೆ ಬಟ್ಟೆ ತುರುಕಿದ್ದ. ಬಟ್ಟೆ ಅತ್ತೆಯ ಹಳೇ ಲಂಗದ್ದು, ಕೇಳದೆ ಹರಿದುಕೊಂಡಿದ್ದು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮತ್ತೆ ಬಿಗಿದಾಯಿತು. ಒಳಗಿಂದ ಮಗಳು ಕೂಗಿದಳು: "ರೀ, ಸ್ಟೇಷನ್ನಿಗೆ ಹೋಗೋರು ಮತ್ತೆ ಫೋನ್ ಮಾಡಿದ್ರು!"

"ಹೊರಟೆ ಅನ್ನು!" ಅಳಿಯ ಸೀಟಿನಲ್ಲಿ ಕೂತು ಕೀಲಿ ಹಾಕಿದ.

ಟೈಲರಮ್ಮನ ಕಣ್ಣು ಅವನು ತೂತುಗಳಿಂದ ತೆಗೆದು ಬಕೆಟ್ಟಿಗೆ ಹಾಕಿದ್ದ ಕರಿ ಚಿಂದಿಗಳ ಮೇಲೆ ಬಿತ್ತು. "ತಡೀರಿ ಅಳಿಯಂದ್ರೇ! ತುರುಕಿದ್ದೆಲ್ಲ ತೆಗೆದ್ರಾ?"

"ತೆಗೆದೆ ಅತ್ತೆ. ಇದೇನು ರವಿಕೆಯಾ, ಅಳತೆ ನೋಡ್ತಾ ಕೂರೋಕೆ?"

ಅವಳು ಚಿಂದಿಗಳನ್ನು ಹಿಂಡಿ, ಉಳಿದ ಲಂಗದ ಪಕ್ಕ ನೆಲದ ಮೇಲೆ ಹರಡತೊಡಗಿದಳು. ಹರಿದ ಅಂಚಿಗೆ ಹರಿದ ಅಂಚು. ಅಳಿಯ ಹಾರ್ನ್ ಒತ್ತಿದ. "ಗಿರಾಕಿ ಕೈಬಿಟ್ಟು ಹೋಗ್ತಾರೆ ಅತ್ತೆ!"

ಲಂಗದ ಕೆಳಗಂಚಿನಲ್ಲಿ ಅಂಗೈಯಗಲ ಜಾಗ ಬರಿದಾಗಿ ಉಳಿಯಿತು. ಅವಳು ಓಡಿ ಹೋಗಿ ಕೀಲಿ ಮೇಲಿದ್ದ ಅವನ ಕೈ ಅದುಮಿ ಹಿಡಿದಳು. "ತಿರುಗಿಸಿದ್ರೆ ಎಂಜಿನ್ನೇ ಕೈಬಿಟ್ಟು ಹೋಗುತ್ತೆ. ಇಳೀರಿ."

"ಗಾಳಿಗೆ ಹಾರಿರುತ್ತೆ."

"ಎಣ್ಣೆ ಕುಡಿದ ಬಟ್ಟೆ ಹಾರೋಕೆ ಅದೇನು ಕಾಗೆಯಾ?"

ಅಳಿಯ ಇಳಿದು ಬಂದು ಆ ಬರಿದಾದ ಜಾಗ ನೋಡಿದ. ಒಳಗಿದ್ದ ಬಟ್ಟೆಯನ್ನು ಎಂಜಿನ್ ನುಂಗಿದರೆ ಮುಗಿಯಿತು. ಇನ್ನೊಂದು ಎಂಜಿನ್ ತರುವ ತಾಕತ್ತು ಆ ಮನೆಗಿಲ್ಲ. ಸ್ಪ್ಯಾನರ್ ಹಿಡಿದು ಮತ್ತೆ ನಟ್ಟು ಬಿಚ್ಚಿ ಕೊಳವೆ ಕಳಚಿದ. ಮೊದಲ ತೂತು ಖಾಲಿ. ಅದರ ಪಕ್ಕದ್ದೂ ಖಾಲಿ. ಕೊನೆಯದಕ್ಕೆ ಟಾರ್ಚ್ ಹಿಡಿದು ಬಗ್ಗಿದ.

"ಏನೂ ಇಲ್ಲ ಅತ್ತೆ, ಬರೀ ಮಸಿ."

"ಉಜ್ಜಿದವರು ನೀವೇ ಅಲ್ವಾ? ಮತ್ತೆ ಮಸಿ ಎಲ್ಲಿಂದ ಬಂತು?"

ಅಳಿಯ ಉದ್ದ ಮೂತಿಯ ಇಕ್ಕಳ ಇಳಿಸಿದ. ಮಸಿ ಮೆತ್ತಗಿತ್ತು. ಇಕ್ಕಳಕ್ಕೆ ಕಚ್ಚಿಸಿ ಎಳೆದರೆ, ಅತ್ತೆಯ ಹೊಲಿಗೆಯ ಸಮೇತ ಲಂಗದ ಅಂಚು ಆಚೆ ಬಂತು.

ಅಷ್ಟರಲ್ಲಿ ಗಿರಾಕಿ ಬೇರೆ ಗಾಡಿ ಹತ್ತಿಯಾಗಿತ್ತು. ಎಲ್ಲ ಬಿಗಿದು ಕೀಲಿ ತಿರುಗಿಸಿದಾಗ ಕಾರು ಕೆಮ್ಮದೆ ಎದ್ದಿತು. ಅಳಿಯ ಕಿಟಕಿಯಿಂದ ಪಿಸುಗುಟ್ಟಿದ: "ಅತ್ತೆ, ಇದನ್ನ ಅವಳಿಗೆ ಹೇಳ್ಬೇಡಿ."

"ಯಾವುದನ್ನ?" ಕೊನೆಯ ತುಂಡನ್ನು ಅದರ ಜಾಗಕ್ಕೆ ಕೂರಿಸುತ್ತ ಟೈಲರಮ್ಮ ಗಟ್ಟಿಯಾಗಿಯೇ ಕೇಳಿದಳು. "ನನ್ನ ಲಂಗ ಹರಿದಿದ್ದನ್ನಾ?"