ಅಕ್ಕನ ಕಣ್ಣೀರಿನ ನೀಲಿ ಗೆರೆ

ಮಣಿಪಾಲದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ ಕಣ್ಣೀರು ಪರೀಕ್ಷಿಸುವುದು. ಕಣ್ಣಿಗೆ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೋಂಕು ತಗಲಿದವರ ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ, ಅದು ಹೀರಿದ ನೀರಿನಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ನೋಡುತ್ತೇವೆ. ಕಡಿಯಾಳಿಯ ನಮ್ಮ ಮನೆಯಲ್ಲಿ ಇದೊಂದು ತಮಾಷೆ. "ಮೊಸಳೆ ಕಣ್ಣೀರು ಬಂದರೆ ನಿನ್ನ ಮೆಷಿನಿಗೆ ಗೊತ್ತಾಗ್ತದಾ?" ಎಂದು ಗಂಡ ಕೇಳುತ್ತಾರೆ. ನನಗೆ ಆ ಹಾಸ್ಯ ಹಿಡಿಸುವುದಿಲ್ಲ.

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ನನ್ನ ಅಕ್ಕ, ಗಿಡದ ಎಲೆ ಚಿಮ್ಮಿ ಬಲಗಣ್ಣಿಗೆ ಬಡಿದದ್ದನ್ನು ನನಗೆ ಹೇಳಲೇ ಇಲ್ಲ. ನಂದಿಬಟ್ಟಲು ಹೂವು ನೆನೆಸಿದ ನೀರಿನಲ್ಲಿ ಕಣ್ಣು ತೊಳೆದಳು. ಕೆಂಪು ಇಳಿಯದಾಗ, ತನ್ನ ಅತ್ತೆಯ ಕಣ್ಣಿನ ಪೊರೆ ಆಪರೇಷನ್ನಿನ ನಂತರ ಫ್ರಿಜ್ಜಿನಲ್ಲಿ ಉಳಿದಿದ್ದ ಡ್ರಾಪ್ಸ್ ಬಿಟ್ಟುಕೊಂಡಳು. ನಮ್ಮ ಕಡೆ ಕಣ್ಣಿನ ಡ್ರಾಪ್ಸ್ ಯಾರೂ ಬಿಸಾಡುವುದಿಲ್ಲ. ಉಪ್ಪಿನಕಾಯಿಯ ಹಾಗೆ ಇಟ್ಟುಕೊಳ್ಳುತ್ತೇವೆ. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇತ್ತು. ನೋವು ನಿಂತಿತು, ಕೆಂಪು ಹೋಯಿತು. ಒಳಗೆ ಬೂಷ್ಟು ನೆಮ್ಮದಿಯಾಗಿ ಬೆಳೆಯಿತು.

ಕಾಪುವಿನ ಒಂದು ಮದುವೆಯಲ್ಲಿ ಅವಳು ಎದುರಾದಾಗ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಕರಿಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ, ಅದರ ಅಂಚಿಗೆ ಗರಿಯಂಥ ಸಣ್ಣ ಸಣ್ಣ ಎಳೆ, ಬೂಷ್ಟಿನದ್ದೇ ಗುರುತು.

"ಎಂತ ಹಾಗೆ ನೋಡ್ತಿ ಮಾರಾಯ್ತಿ? ಈಗ ನೋವೇ ಇಲ್ಲ," ಎಂದು ನಕ್ಕಳು. ಸಿಟ್ಟು ನೆತ್ತಿಗೇರಿತು. ಊಟದ ಪಂಕ್ತಿಯಿಂದಲೇ ಎಬ್ಬಿಸಿ ಮಣಿಪಾಲಕ್ಕೆ ಕರೆತಂದೆ.

ಡಾಕ್ಟರ್ ಆ ಡ್ರಾಪ್ಸ್ ನಿಲ್ಲಿಸಿ ಬೇರೆ ಮದ್ದು ಶುರು ಮಾಡಿದರು. ಅಕ್ಕ ಒಪ್ಪಿ ನಮ್ಮ ಲ್ಯಾಬಿಗೂ ಕಣ್ಣೀರು ಕೊಟ್ಟಳು. ಅಳುವಾಗ ಸುರಿಯುವುದು ಬಹುಪಾಲು ಬರೇ ನೀರು. ನಮಗೆ ತಾನಾಗಿ ಒಸರುವುದೇ ಬೇಕು. "ಅಳಬೇಡ," ಎಂದೆ.

"ನಾನೆಲ್ಲಿ ಅಳ್ತೇನೆ? ಕಣ್ಣು ಹೋಗ್ತದಾ, ಅಷ್ಟು ಹೇಳು."

ಪ್ರೋಟೀನುಗಳನ್ನು ಬೇರ್ಪಡಿಸಿ ಬಣ್ಣ ಹಾಕಿದರೆ ಒಂದೊಂದೂ ಒಂದು ನೀಲಿ ಗೆರೆಯಾಗಿ ಕಾಣುತ್ತದೆ. ಆರೋಗ್ಯದ ಕಣ್ಣೀರಿನಲ್ಲಿ ಲ್ಯಾಕ್ಟೋಫೆರಿನ್ನಿನ ಗೆರೆ ದಪ್ಪ. ಕಬ್ಬಿಣದ ಅಂಶವನ್ನು ಬಿಗಿಹಿಡಿದು ಬೂಷ್ಟನ್ನು ಉಪವಾಸ ಕೆಡವುವುದು ಅದರ ಕೆಲಸ. ಅಕ್ಕನದ್ದರಲ್ಲಿ ಅದು ಮಾಸಿತ್ತು. ಬದಲಿಗೆ, ಸೋಂಕಿನೊಡನೆ ಕಾದಾಡಲು ಬಂದ ಬಿಳಿ ರಕ್ತಕಣಗಳ ಪ್ರೋಟೀನುಗಳು ತುಂಬಿದ್ದವು. ಅವು ಬೂಷ್ಟಿನ ಜೊತೆಗೆ ಕಣ್ಣನ್ನೂ ಕರಗಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮದ್ದಿಗೆ ಕಣ್ಣು ತಿಳಿಯಾಗುತ್ತ ಬಂತು. ಅಕ್ಕ ಮೊಬೈಲ್ ನೋಡತೊಡಗಿದಳು, ಗುಳ್ಳದ ಗಿಡಗಳಿಗೆ ನೀರು ಹಾಕಿದರೋ ಎಂದು ಫೋನಿನಲ್ಲಿ ಬೈಯತೊಡಗಿದಳು. ಆದರೆ ಕಣ್ಣೀರು ಪರೀಕ್ಷಿಸಿದ ಪ್ರತಿ ಸಲವೂ ಲ್ಯಾಕ್ಟೋಫೆರಿನ್ನಿನ ಆ ಗೆರೆ ಇನ್ನಷ್ಟು ತೆಳುವಾಗಿರುತ್ತಿತ್ತು. ಅವಳು ಎದುರಿಗೆ ಕೂತು ನಗುವಾಗ ಅವಳ ಕಣ್ಣೀರು ನನಗೊಬ್ಬಳಿಗೇ ಬೇರೇನೋ ಹೇಳುತ್ತಿದೆ ಅನಿಸಿ ಭಯವಾಯಿತು. ಅವಳ ಪಕ್ಕ ಕೂರಲೂ ಹೆದರಿಕೆ.

ಕೊನೆಗೆ ಡಾಕ್ಟರಿಗೆ ಹೇಳಿದೆ. "ಇದನ್ನು ನಂಬಿ ಚಿಕಿತ್ಸೆ ಬದಲಿಸ್ಲಿಕ್ಕೆ ಆಗುವುದಿಲ್ಲ. ಆದರೆ ಇನ್ನೊಮ್ಮೆ ಕಣ್ಣು ನೋಡುವ," ಎಂದರು. ನೋಡಿದರು. ಮೇಲಿನದ್ದು ಮಾಯುತ್ತಿತ್ತು, ಬೂಷ್ಟು ಆಳಕ್ಕೆ ಇಳಿದಿತ್ತು. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನೇ ಬದಲಿಸದೆ ಬೇರೆ ದಾರಿಯಿರಲಿಲ್ಲ.

ದಾನಿ ಯಾರೆಂದು ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ಆದರೂ, ಕಾರ್ಕಳದ ಕಡೆ ತೀರಿಕೊಂಡ ಯಾರದ್ದೋ ಕಣ್ಣಂತೆ ಎಂದು ವಾರ್ಡಿನಲ್ಲಿ ಆಡಿಕೊಂಡದ್ದು ಅಕ್ಕನ ಕಿವಿಗೆ ಬಿತ್ತು.

"ಅವರ ಬೊಜ್ಜ ಯಾವಾಗ ಆಗ್ತದೋ," ಎಂದಳು. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ; ಅದು ಮುಗಿಯುವವರೆಗೆ ಅವರು ಇಲ್ಲೇ ಸುಳಿದಾಡುತ್ತಾರೆಂದು ನಮ್ಮ ಕಡೆ ನಂಬಿಕೆ. ಸುಮ್ಮನೆ ಮಲಗು ಎಂದು ಗದರಿದೆ.

ಆಪರೇಷನ್ ಆಗಿ, ಕಟ್ಟು ಬಿಚ್ಚಿ ನರ್ಸ್ ಹೊರಗೆ ಹೋದ ಮೇಲೆ ಕೋಣೆಯಲ್ಲಿ ಉಳಿದವರು ನಾವಿಬ್ಬರೇ. ಅಕ್ಕ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ಕಾಣ್ತದಾ?" ಎಂದು ಕೇಳಿದೆ.

"ಮಂಜು ಮಂಜು. ಆದರೆ ಕಾಣ್ತದೆ."

ನನಗೆ ಅಳು ಬಂತು. ಅವಳು ನೋಟ ಕದಲಿಸಲಿಲ್ಲ. ಗುರುತಿಲ್ಲದವರನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸ್ವರ ತಗ್ಗಿಸಿ, ಮನೆಗೆ ಬಂದ ಹಿರಿಯರೊಡನೆ ಮಾತಾಡುವ ಮರ್ಯಾದೆಯಲ್ಲಿ, ನನಗಲ್ಲ, ಇನ್ಯಾರಿಗೋ ಹೇಳಿದಳು:

"ಹೆದರಬೇಡಿ. ಇವಳು ನನ್ನ ತಂಗಿ."