ಈರಪ್ಪ ಯೂದನಾದ ಶುಕ್ರವಾರ

ಜಮಖಂಡಿಯಲ್ಲಿ ಇನ್ನೂ ರಾಜರ ಆಳಿಕೆ ಇದ್ದ ದಿನಗಳವು. ಆ ಸಂಸ್ಥಾನದ ಬನಹಟ್ಟಿಯಲ್ಲಿ ನಮ್ಮ ನೇಕಾರರ ಓಣಿಗೆ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಊಟದ ತಾಟಿನವರೆಗೂ ಬರುತ್ತಿತ್ತು. ಅಷ್ಟು ದೊಡ್ಡ ಓಣಿಗೆ ಕ್ರೈಸ್ತರ ಮನೆ ನಮ್ಮದೊಂದೇ. ಅಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಎಂಜಿನ್ ನೋಡಿಕೊಳ್ಳಲು ಬೆಳಗಾವಿ ಕಡೆಯಿಂದ ಬಂದವರು. ಪಾದ್ರಿಗಳು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಉಳಿದ ದಿನಗಳ ಧರ್ಮೋಪದೇಶವೆಲ್ಲ ಅವ್ವನದು, ರೊಟ್ಟಿ ಬಡಿಯುತ್ತ.

ನಮ್ಮ ಗೋಡೆಯ ಶಿಲುಬೆಯ ಮೇಲಿನ ಯೇಸುವನ್ನು ಓಣಿಯ ಹುಡುಗರು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. "ಇವಗ ಯಾರು ಹೊಡದಾರ, ಅಂಜಕ್ಕ?" ಎಂದು ಮೊದಲು ಕೇಳಿದವನು ಎದುರುಮನೆಯ ಈರಪ್ಪ. ಅವನಿಗೆ ಎಂಟು ವರ್ಷ, ಅಂಜೆಲಿನಾ ಎಂಬ ನನಗೆ ಹತ್ತು.

"ಹೇಳು ಅವಗ. ಒಳ್ಳೇ ಮಾತು ಮನ್ಯಾಗ ಮುಚ್ಚಿಟ್ಕೋಬಾರ್ದು," ಎಂದಳು ಅವ್ವ.

ಹೇಳತೊಡಗಿದೆ. ಆಗ ಯೇಸು ಸತ್ತ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲ, ಬಿಸಿಲು ಏರುತ್ತಿತ್ತು. ಸಂಜೆ ಹುಡುಗರೆಲ್ಲ ಈರಪ್ಪನ ಮನೆಯ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದರು. ಹುರಿದ ಶೇಂಗಾ ತಿನ್ನುತ್ತ ದಿನಕ್ಕಿಷ್ಟು ಕತೆ. ಕುರುಡನಿಗೆ ಕಣ್ಣು ಬಂದದ್ದನ್ನು ಹೇಳಿದಾಗ ಆಕಳಿಸಿದರು. ಯೇಸುವಿಗೆ ಚಾಟಿ ಏಟು ಬಿದ್ದದ್ದು ಬಂದಾಗ ರಾಟಿಗಳು ನಿಂತವು. ನನಗೆ ಸೊಕ್ಕು ನೆತ್ತಿಗೇರಿತು. ಮರುದಿನ ಏಟು ಹೆಚ್ಚಿಸಿದೆ, ಅವನ ತಲೆಗೆ ಇಂಥ ಮುಳ್ಳಿನ ಕಿರೀಟ ಒತ್ತಿದರೆಂದು ಜಾಲಿಮುಳ್ಳು ತಂದು ತೋರಿಸಿದೆ. ಎಲ್ಲರಿಗಿಂತ ದೊಡ್ಡವನಾದ ಸಂಗಪ್ಪ ಹಲ್ಲು ಕಡಿದು, "ತನ್ನ ಗುರುವಿಗೇ ಮುತ್ತು ಕೊಟ್ಟು ಹಿಡಿದುಕೊಟ್ಟನಲ್ಲ ಆ ಯೂದಾ, ನನ್ನ ಕೈಯಾಗ ಸಿಗಬೇಕು," ಎಂದ. ಈರಪ್ಪ ಮಾತ್ರ ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಿದ್ದ.

ಶಿಲುಬೆಯ ಮೇಲೆ ಯೇಸುಸ್ವಾಮಿ ಆಡಿದ ಮಾತನ್ನು ನಾನು ಹೇಳಲಿಲ್ಲ. ಹೇಳಿದರೆ ಅವರ ಸಿಟ್ಟು ಇಳಿದು ನನ್ನ ಕತೆ ಸಪ್ಪಗಾಗುತ್ತದೆಂದು ನನಗೆ ಗೊತ್ತಿತ್ತು. "ಪೂರ್ತಿ ಹೇಳಿದೇನ?" ಎಂದು ಅವ್ವ ಕೇಳಿದಾಗ ಹೂಂ ಎಂದೆ.

ಶುಭ ಶುಕ್ರವಾರದ ಮಧ್ಯಾಹ್ನ ಅಪ್ಪ ಅವ್ವ ಉಪವಾಸವಿದ್ದು ಜಪಸರ ಹಿಡಿದು ಕೂತಿದ್ದರು. ನಾನು ತಪ್ಪಿಸಿಕೊಂಡು ಜಿನ್ನಿನ ಹಿಂದಿನ ಬಯಲಿಗೆ ಓಡಿದೆ. ಕತೆಯನ್ನು ಆಟ ಕಟ್ಟಿ ಆಡುವುದೆಂದು ಹುಡುಗರು ಮೊದಲೇ ಮಾತಾಡಿಕೊಂಡಿದ್ದರು. ಸಂಗಪ್ಪ ಯೇಸು. ಯೂದನಾಗಲು ಯಾರೂ ಒಪ್ಪಲಿಲ್ಲ.

"ನೀ ಆಗೋ ಈರ್ಯಾ. ಬರೇ ಆಟ ಐತಿ," ಎಂದೆ. ನನ್ನ ಮಾತಿಗೆ ಅವನು ಎಂದೂ ಇಲ್ಲ ಎಂದವನಲ್ಲ.

ನಾಚಿಕೊಂಡು ಹೋಗಿ ಸಂಗಪ್ಪನ ಕೆನ್ನೆಗೆ ಮುತ್ತು ಕೊಟ್ಟ. ಮೊದಲು ಹೊಡೆದವನು ಯೇಸುವೇ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಮಗ್ಗದಲ್ಲಿ ನೂಲು ಓಡಿಸುವ ಹಳೆಯ ಲಾಳಿಯನ್ನು ಎಳೆದು ಬಾಯಿಗೆ ಹೊಡೆದ. ಆಟವೆಂದುಕೊಂಡು ಈರಪ್ಪ ನಗುತ್ತಲೇ ಇದ್ದ. ಎರಡನೇ ಏಟಿಗೆ ಹಲ್ಲು ಬಿತ್ತು. ಆಮೇಲೆ ಎಲ್ಲರೂ ಮೇಲೆ ಬಿದ್ದರು. ಒದ್ದರು, ಕಲ್ಲಿನಿಂದ ಜಜ್ಜಿದರು, ಜಾಲಿಯ ಟೊಂಗೆಯಿಂದ ಬೆನ್ನು ಸುಲಿದರು. ಕೆಲವರು ಅಳುತ್ತ ಹೊಡೆಯುತ್ತಿದ್ದರು. ಅವರಿಗೆ ದೇವರ ಮೇಲೆ ನಿಜವಾಗಿ ಅಷ್ಟು ಕರುಣೆ ಬಂದಿತ್ತು.

"ಅಂಜಕ್ಕ, ಸಾಕಂತ ಹೇಳ," ಎಂದು ಈರಪ್ಪ ಕೂಗಿದ.

ಹೇಳಲಿಲ್ಲ. ನನ್ನ ಕೈಯಲ್ಲೂ ಒಂದು ಮಣ್ಣಿನ ಹೆಂಟೆ ಇತ್ತು. ಎಸೆದೆ. ಅಷ್ಟರಲ್ಲಿ ಸಂಗಪ್ಪನ ಲಾಳಿಯ ಕಬ್ಬಿಣದ ಮೊನೆ ಅವನ ಎಡಗಣ್ಣಿಗೆ ಹೊಕ್ಕಿತು. ಅವನು ಕಿರುಚಿದ್ದು ಕೇಳಿ ಎಲ್ಲರೂ ದಿಕ್ಕಾಪಾಲಾದರು.

ಸಂಜೆಗೆ ಇಡೀ ಓಣಿ ನಮ್ಮ ಬಾಗಿಲಿಗೆ ಬಂತು. "ನಿಮ್ಮ ದೇವರ ಕತಿ ಕೇಳಿ ನನ್ನ ಮಗನ ಕಣ್ಣು ಹೋತಲ್ರಿ," ಎನ್ನುತ್ತ ಈರಪ್ಪನ ಅಪ್ಪ ಬಡಿಗೆ ಬೀಸಿದ. ನಮ್ಮಪ್ಪನ ಹೆಗಲ ಮೂಳೆ ಲಟಕ್ಕೆಂದಿತು. ಅಪ್ಪ ಕೈ ಎತ್ತಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. "ಶಿಲುಬಿ ಮ್ಯಾಲಿನ ಮಾತು ಹೇಳಿದ್ದೇನ?"

ಇಲ್ಲವೆಂದೆ. ಅವಳ ಏಟಿಗೆ ಗೋಡೆಗೆ ಹೋಗಿ ಬಿದ್ದೆ. ಜಡೆ ಹಿಡಿದು ಎದುರುಮನೆಗೆ ಎಳೆದೊಯ್ದಳು. "ಹೇಳೀಗ, ಎಲ್ಲಾರ ಮುಂದ."

ಈರಪ್ಪ ಚಾಪೆಯ ಮೇಲಿದ್ದ. ಕಣ್ಣಿಗೆ ಅರಿಷಿಣ ಹಚ್ಚಿದ ಬಟ್ಟೆ ಕಟ್ಟಿದ್ದರು. ನಾನು ಬಿಕ್ಕುತ್ತ ಹೇಳಿದೆ: "ತನ್ನ ಕೈಕಾಲಿಗೆ ಮೊಳಿ ಜಡದವರನ್ನ ನೋಡಿ ಅವ, ಇವರನ್ನ ಮಾಫ್ ಮಾಡಪ್ಪಾ, ಇವರಿಗೆ ತಿಳೀವಲ್ದು, ಅಂದ."

ಈರಪ್ಪನ ಅಪ್ಪನ ಕೈಯಲ್ಲಿ ಬಡಿಗೆ ಇನ್ನೂ ಇತ್ತು.

"ಯೂದಾಗೂ ಮಾಫ್ ಮಾಡಿದ್ನೇನ?" ಎಂದು ಈರಪ್ಪ ಕೇಳಿದ.

ನನಗೆ ಗೊತ್ತಿರಲಿಲ್ಲ. ಹೂಂ ಎಂದೆ.

"ಇದನ್ನ ನಿನ್ನೇನ ಹೇಳಿದ್ರ ಆಗ್ತಿತ್ತಲ್ಲ, ಅಂಜಕ್ಕ," ಎಂದ.

ಮಳೆಗಾಲದ ಹೊತ್ತಿಗೆ ನಾವು ಬನಹಟ್ಟಿ ಬಿಟ್ಟೆವು. ಕೆಲ ವರ್ಷಗಳಿಗೆ ಸಂಸ್ಥಾನವೂ ಹೋಯಿತು. ಈರಪ್ಪ ಒಂದೇ ಕಣ್ಣಿನಲ್ಲಿ ನೇಯುವುದನ್ನು ಕಲಿತನೆಂದು ಕೇಳಿದೆ. ಈಗ ಅವನೂ ಇಲ್ಲ. ನಾನು ಮಕ್ಕಳಿಗೆ ಧರ್ಮೋಪದೇಶ ಹೇಳುತ್ತಲೇ ಮುದುಕಿಯಾದೆ. ಕತೆಯ ಕಡೆಗೆ ಬರುವ ಆ ಕ್ಷಮೆಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಕತೆ ಕೆಡುತ್ತದೆ, ಮಕ್ಕಳು ಆಕಳಿಸುತ್ತಾರೆ. ಆಕಳಿಸಲಿ. ರಾಟಿ ನಿಲ್ಲಿಸಿ ಕೇಳಿದ ಆ ಕಟ್ಟೆಯ ಹುಡುಗರಂಥವರು ನನಗೆ ಮತ್ತೆ ಸಿಗಲಿಲ್ಲ. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿದವನಿಗೇ ನಾನು ಹೆಂಟೆ ಎಸೆದೆ.